ಉಗುರಿನ ಬೆಲೆ

ಅಕ್ಕ ಫೋನ್ ಮಾಡಿ, "ಲ್ಯಾಪ್‌ಟಾಪ್ ತಗೊಂಡು ಬಾರೇ, ಒಂದು ರೇಟ್ ಕಾರ್ಡ್ ಮಾಡ್ಕೊಡು" ಎಂದಳು. ಅಕ್ಕ ಎಂದರೆ ದೊಡ್ಡಮ್ಮನ ಮಗಳು. ಮೈಸೂರಿನ ಒಂದು ಬಡಾವಣೆಯಲ್ಲಿ, ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ, ಎರಡು ಕುರ್ಚಿಗಳ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಹೊಸದಾಗಿ ಉಗುರು ಗಟ್ಟಿ ಮಾಡುವ ಟ್ರೀಟ್‌ಮೆಂಟ್ ಶುರು ಮಾಡಲು ಹೊರಟಿದ್ದಳು. ಐಬ್ರೋಸ್, ವ್ಯಾಕ್ಸಿಂಗ್, ಫೇಶಿಯಲ್ ಎಲ್ಲದರ ದರ ಹಳೆಯ ಕಾರ್ಡಿನಲ್ಲೇ ಇತ್ತು. ಹೊಸ ಸಾಲಿನ ಮುಂದೆ ಮಾತ್ರ ಜಾಗ ಖಾಲಿ.

"ಎಷ್ಟು ಹಾಕೋಣ ಹೇಳು. ನೀನು ಫಿಲಾಸಫಿ ಓದ್ತಿರೋಳು, ನ್ಯಾಯ ಅನ್ಯಾಯ ನಿಂಗೇ ಗೊತ್ತಿರೋದು" ಎಂದು ನಕ್ಕಳು. ಅವಳು ತಮಾಷೆಗೆ ಅಂದದ್ದು. ನಾನು ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡೆ.

ಐಬ್ರೋಸ್‌ಗೆ ಬೆಲೆ ಇಡುವ ಕಷ್ಟ ಯಾರಿಗೂ ಇಲ್ಲ. ಆ ಬೆಲೆಯನ್ನು ಬೀದಿಯೇ ಇಡುತ್ತದೆ. ಹತ್ತು ರೂಪಾಯಿ ಹೆಚ್ಚು ಕೇಳಿದರೆ ಗಿರಾಕಿ ಎದುರಿನ ಪಾರ್ಲರಿಗೆ ಹೋಗುತ್ತಾರೆ. ಹೊಸ ಸೇವೆಗೆ ಹಾಗೆ ಅಕ್ಕಪಕ್ಕದವರಿಲ್ಲ. ಅದು ಏನು ಮಾಡುತ್ತದೆ, ಎಷ್ಟು ದಿನ ಇರುತ್ತದೆ ಎನ್ನುವುದು ಮಾರುವವಳಿಗೆ ಗೊತ್ತು, ಕೊಳ್ಳುವವಳಿಗೆ ಗೊತ್ತಿಲ್ಲ. ಗೊತ್ತಿಲ್ಲದವಳು ಅಳೆಯಲು ಕೈಯಲ್ಲಿ ಹಿಡಿಯುವುದು ಬೆಲೆಯನ್ನೇ: ಇಷ್ಟು ದುಬಾರಿ ಎಂದ ಮೇಲೆ ಏನೋ ಇರಬೇಕು. ಸರಕು ತಂದುಕೊಟ್ಟ ಕಂಪನಿಯ ಹುಡುಗ ಇದನ್ನು ನಮ್ಮ ಯಾವ ಸೆಮಿನಾರಿಗಿಂತಲೂ ಚೆನ್ನಾಗಿ ಹೇಳಿ ಹೋಗಿದ್ದ. "ಸಾವಿರದ ಇನ್ನೂರು ಇಡಿ ಮೇಡಂ. ಕಮ್ಮಿ ಇಟ್ರೆ ಯಾರೂ ನಂಬಲ್ಲ."

ಮೊದಲು ಖರ್ಚಿನ ಲೆಕ್ಕ ಹಾಕೋಣ ಎಂದು ಎಕ್ಸೆಲ್ ತೆರೆದೆ. ಕಿಟ್‌ಗೆ 3,600 ರೂಪಾಯಿ, ಸುಮಾರು 45 ಜನಕ್ಕೆ ಬರುತ್ತದೆ. ಒಬ್ಬರಿಗೆ 80. ಫೈಲ್, ಹತ್ತಿ, ಕೊನೆಗೆ ಹಚ್ಚುವ ಎಣ್ಣೆ ಎಲ್ಲ ಸೇರಿ ಇನ್ನೊಂದು 20. ಅಂಗಡಿ ಬಾಡಿಗೆ 11,000, ಕರೆಂಟು 1,500, ಸಹಾಯಕ್ಕಿರುವ ಹುಡುಗಿಯ ಸಂಬಳ 12,000. (ಆ ಹನ್ನೆರಡು ಸಾವಿರ ನ್ಯಾಯವೇ ಎಂಬ ಪ್ರಶ್ನೆಯನ್ನು ಅವತ್ತು ನಾವಿಬ್ಬರೂ ಎತ್ತಲಿಲ್ಲ. ಹುಡುಗಿ ಅಲ್ಲೇ ಟವೆಲ್ ಮಡಚುತ್ತಿದ್ದಳು.) ತಿಂಗಳಿಗೆ 26 ದಿನ, ದಿನಕ್ಕೆ 10 ಗಂಟೆ ಎರಡೂ ಕುರ್ಚಿ ತುಂಬಿದ್ದರೆ 45 ನಿಮಿಷದ ಒಂದು ಕೆಲಸದ ಪಾಲಿಗೆ ಬರುವುದು ಬರೀ 35 ರೂಪಾಯಿ. ಆದರೆ ನಾಲ್ಕರಲ್ಲಿ ಮೂರು ಪಾಲು ಹೊತ್ತು ಕುರ್ಚಿ ಖಾಲಿ. ಹಾಗಾಗಿ ಕೂತವರ ಮೇಲೆ ಬೀಳುವುದು 140. ಬಾರದೇ ಹೋದವರ ಬಾಡಿಗೆಯನ್ನು ಬಂದವರು ಕಟ್ಟುತ್ತಾರೆ. ಇದರಲ್ಲಿ ತಪ್ಪಿದೆಯೇ ಎಂದು ತುಂಬ ಹೊತ್ತು ಯೋಚಿಸಿದೆ. ಅಂಗಡಿ ಬೆಳಿಗ್ಗೆಯಿಂದ ಬಾಗಿಲು ತೆರೆದು ಕಾಯುತ್ತಿರುವುದೂ ಒಂದು ಸೇವೆ ಅಲ್ಲವೇ? ತಪ್ಪಿಲ್ಲ ಅನಿಸಿತು. ಒಟ್ಟು 240.

"ಹಾಗಾದ್ರೆ ಇನ್ನೂರೈವತ್ತು ಹಾಕು" ಎಂದಳು ಅಕ್ಕ.

ಆಗ ಹೊಳೆಯಿತು, ಆ ಶೀಟಿನಲ್ಲಿ ಅವಳೇ ಇರಲಿಲ್ಲ. ಬಾಟಲಿ ಇತ್ತು, ಬಲ್ಬು ಇತ್ತು, ಮನೆಯೊಡೆಯ ಇದ್ದ. ಮುಕ್ಕಾಲು ಗಂಟೆ ಕತ್ತು ಬಗ್ಗಿಸಿ ಹತ್ತು ಉಗುರು ಉಜ್ಜುವವಳ ಸಾಲು ಇರಲಿಲ್ಲ. ಕೇಳಿದರೆ, "ನನ್ನ ಕೈಗೇನು ಬೆಲೆ, ನಮ್ಮದೇ ಅಂಗಡಿ" ಎಂದಳು. ಕನ್ನಡದಲ್ಲಿ ಬೆಲೆ ಎನ್ನುವ ಪದ ಎರಡು ಕೆಲಸ ಮಾಡುತ್ತದೆ. ತೂಕದ ಅಕ್ಕಿಗೂ ಬೆಲೆ, ಆಡಿದ ಮಾತಿಗೂ ಬೆಲೆ. ಮಾತಿಗೆ ಬೆಲೆ ಸಿಗದಿದ್ದರೆ ಜಗಳಕ್ಕೇ ನಿಲ್ಲುವವಳು ನನ್ನ ಅಕ್ಕ. ತನ್ನ ಗಂಟೆಗೆ ಸೊನ್ನೆ ಬರೆದುಕೊಂಡಾಗ ಅವಳಿಗೆ ಏನೂ ಅನಿಸಲಿಲ್ಲ.

ನನ್ನ ಗಂಟೆಯ ಲೆಕ್ಕ ನನಗೆ ಗೊತ್ತು. ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ದಿನಕ್ಕೆ ಎಂಟು ಗಂಟೆ ಓದುತ್ತೇನೆ ಎಂದು (ದೇವರು ಕ್ಷಮಿಸಲಿ) ಹಿಡಿದರೆ ಗಂಟೆಗೆ ಸುಮಾರು 178. ನಾನು ಓದಿದ ಯಾವ ಪುಟದಿಂದ ಯಾರ ಉಗುರು ಗಟ್ಟಿಯಾಯಿತು ಎಂದು ಇದುವರೆಗೆ ಯಾರೂ ಕೇಳಿಲ್ಲ. ಅದೇ ದರವನ್ನು ಅಕ್ಕನ ಮುಕ್ಕಾಲು ಗಂಟೆಗೆ ಹಾಕಿದೆ: 133. ಒಟ್ಟು 373. ಪಾರ್ಲರಿನಲ್ಲಿ ಚಿಲ್ಲರೆ ಸಿಗುವುದಿಲ್ಲ ಎಂದು 400 ಮಾಡಿದೆವು.

ಇಂಥ ಲೆಕ್ಕಕ್ಕೆ ಮೈಸೂರಿನ ನಂಟೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದದ್ದು ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ, ಅಚ್ಚಾದದ್ದು 1909ರಲ್ಲಿ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು, ವರ್ತಕನ ಲಾಭ ಇಷ್ಟೇ ಎನ್ನುತ್ತದೆ ಆ ಗ್ರಂಥ. ಅಕ್ಕನ ಬಾಟಲಿ ಪರದೇಶದ್ದು. 240ಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ 264. ಓದಿ ಹೇಳಿದಾಗ ಅಕ್ಕ, "ಅವ್ರೇನು ಬಂದು ಫೈಲ್ ಮಾಡಿಕೊಡ್ತಾರಾ?" ಎಂದಳು. ಸರಿಯಾದ ಮಾತು. ಅದು ಸರಕು ಕೊಂಡು ಮಾರುವವನ ಲೆಕ್ಕ. ಇಲ್ಲಿ ಮಾರುತ್ತಿರುವುದರಲ್ಲಿ ಸರಕು ಕಾಲು ಭಾಗ, ಉಳಿದದ್ದು ಜಾಗ ಮತ್ತು ಕೈ.

ಇಂಥ ಕಡೆ ಆಯ್ದಕ್ಕಿ ಲಕ್ಕಮ್ಮನನ್ನು ತಂದು ನಿಲ್ಲಿಸುವ ಅಭ್ಯಾಸ ನಮಗಿದೆ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬನ್ನಿ ಎಂದವಳು ಆಕೆ. ದುಡಿಯುವ ಹೆಂಗಸರಿಗೆ ಸಿಕ್ಕಿದ್ದರಲ್ಲಿ ತೃಪ್ತಿಪಡಿ ಎಂದು ಉಪದೇಶ ಮಾಡಲು ಆ ಕಥೆಯನ್ನು ಬಳಸುವುದನ್ನು ಕೇಳಿದ್ದೇನೆ. ಆದರೆ ಲಕ್ಕಮ್ಮ ಬೇಡವೆಂದದ್ದು ಹೆಚ್ಚಿಗೆ ಬಂದದ್ದನ್ನು. ಆ ದಿನದ ಅಕ್ಕಿಯನ್ನೂ ಬಿಟ್ಟು ಬಾ ಎಂದು ಆಕೆ ಹೇಳಲಿಲ್ಲ.

ಸಂಖ್ಯೆ ಸಿಕ್ಕಿತು, ಕಾರ್ಡು ಮುಗಿಯಿತು ಎಂದುಕೊಂಡೆ. ಕೆಳಗೆ ಒಂದು ಚೆಂದದ ಸಾಲು ಬೇಕಿತ್ತು. ಕಂಪನಿಯ ಹಾಳೆಯಲ್ಲಿದ್ದುದನ್ನು ಕನ್ನಡ ಮಾಡಿ ಹಾಕಿದೆ: "ಉಗುರಿಗೆ ಒಳಗಿನಿಂದ ಪೋಷಣೆ." ಓದಲು ಹಿತವಾಗಿತ್ತು. ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ಕನ್ನಡಿಯ ಪಕ್ಕ ಅಂಟಿಸಿಯೂ ಆಯಿತು.

ಹಾಸ್ಟೆಲಿಗೆ ಬಂದ ಮೇಲೆ ಆ ಸಾಲು ಚುಚ್ಚತೊಡಗಿತು. ನಮಗೆ ಕಾಣುವ ಉಗುರಿನಲ್ಲಿ ಜೀವವಿಲ್ಲ. ಅದು ಒತ್ತಾಗಿ ಕೂತ ಕೆರಟಿನ್, ಸತ್ತ ಕೋಶಗಳ ಪದರ. ಬೆಳೆಯುವುದು ಬುಡದ ಚರ್ಮದಡಿಯಲ್ಲಿ, ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್. ಒಂದು ಉಗುರು ಪೂರ್ತಿ ಹೊಸದಾಗಲು ಆರು ತಿಂಗಳು ಹಿಡಿಯಬಹುದು. ಮೇಲೆ ಹಚ್ಚಿದ್ದು ಪದರಗಳನ್ನು ಅಂಟಿಸಿ ಹಿಡಿಯಬಹುದು, ಮೇಲೊಂದು ಕವಚ ಕೊಡಬಹುದು, ಪೋಷಿಸಲಾರದು. ಹಳೆಯ ಬಗೆಯ ಕೆಲವು ಹಾರ್ಡ್‌ನರ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತಿತ್ತು. ಅದು ಮೊದಲು ಗಟ್ಟಿ ಮಾಡುತ್ತದೆ, ಬಹುಕಾಲ ಹಚ್ಚಿದರೆ ಬಾಗುವ ಗುಣವೇ ಹೋಗಿ ಉಗುರು ಚಟಕ್ಕನೆ ಮುರಿಯುತ್ತದೆ. ಅಕ್ಕ ತಂದದ್ದರಲ್ಲಿ ಅದಿಲ್ಲ, ಲೇಬಲ್ ಓದಿದ್ದೇವೆ. ಆದರೂ ಎರಡು ಮೂರು ವಾರ ಕಳೆದರೆ ಮತ್ತೆ ಮಾಡಿಸಬೇಕು. ಇದು ನಾನೂರು ರೂಪಾಯಿಯ ಟ್ರೀಟ್‌ಮೆಂಟ್ ಅಲ್ಲ, ಮೂರು ವಾರಕ್ಕೆ ನಾನೂರು ರೂಪಾಯಿಯ ಟ್ರೀಟ್‌ಮೆಂಟ್. ಕಾರ್ಡಿನಲ್ಲಿ ಆ ಮಾತು ಇರಲಿಲ್ಲ.

ಇದನ್ನು ಹೋಲುವ ಪ್ರಶ್ನೆಯೊಂದನ್ನು ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಪುಸ್ತಕದಲ್ಲಿ ಎತ್ತುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕ ಧಾನ್ಯ ತಂದಿದ್ದಾನೆ. ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿರುವುದನ್ನು ಕಣ್ಣಾರೆ ಕಂಡಿದ್ದಾನೆ. ಹೇಳಬೇಕೇ, ಸುಮ್ಮನಿದ್ದು ಸಿಕ್ಕ ಬೆಲೆಗೆ ಮಾರಬಹುದೇ? ಸುಳ್ಳು ಹೇಳದಿದ್ದರೆ ಸಾಕು, ಎಲ್ಲವನ್ನೂ ಹೇಳಬೇಕಾಗಿಲ್ಲ ಎನ್ನುವುದು ಡಯೋಜಿನಿಸ್‌ನ ವಾದ. ಹೇಳಲೇಬೇಕು ಎನ್ನುವುದು ಆಂಟಿಪೇಟರ್‌ನದು. ಸಿಸೆರೊ ಆಂಟಿಪೇಟರ್ ಕಡೆ ನಿಲ್ಲುತ್ತಾನೆ. ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್ ಮಾತ್ರ ಆ ವರ್ತಕನ ಬಗ್ಗೆ ಸ್ವಲ್ಪ ಮೆತ್ತಗೆ: ಹೇಳುವುದು ಕಡ್ಡಾಯವಲ್ಲ, ಹೇಳಿದರೆ ದೊಡ್ಡತನ. ತರಗತಿಯಲ್ಲಿ ನಾನು ಅಕ್ವಿನಾಸ್ ಪರ ವಾದಿಸಿದ್ದೆ. ಆ ರಾತ್ರಿ ನನಗೆ ಅವನ ಆಸರೆಯೂ ಸಿಗಲಿಲ್ಲ. ವರ್ತಕ ಬರೀ ಸುಮ್ಮನಿದ್ದ. ನಾನು ಸುಳ್ಳನ್ನು ಟೈಪ್ ಮಾಡಿದ್ದೆ, ಲ್ಯಾಮಿನೇಟ್ ಬೇರೆ.

ಅಲ್ಲಿಯವರೆಗೆ ನ್ಯಾಯದ ಬೆಲೆ ಎಂದರೆ ಸರಿಯಾದ ಸಂಖ್ಯೆ ಎಂದು ತಿಳಿದಿದ್ದೆ. 400 ನ್ಯಾಯವೋ 1,200 ನ್ಯಾಯವೋ ಎಂಬ ಪ್ರಶ್ನೆಗೆ ಸಂಖ್ಯೆಯೊಳಗೆ ಉತ್ತರವಿಲ್ಲ ಎಂದು ಈಗ ಅನಿಸುತ್ತದೆ. ಮೂರು ವಾರದ ಹೊಳಪಿಗೆ ಎಂದು ತಿಳಿದೇ 1,200 ಕೊಡುವವಳಿಗೆ ಮೋಸವಾಗುವುದಿಲ್ಲ. ಅವಳ ಹಣ, ಅವಳ ಖುಷಿ. ಇದರಿಂದ ಉಗುರು ವಾಸಿಯಾಗುತ್ತದೆ ಎಂದು ನಂಬಿ 250 ಕೊಟ್ಟವಳಿಗೂ ಮೋಸವಾಗುತ್ತದೆ. ಪ್ರತಿ ಬೆಲೆಯೂ ಒಂದು ಮಾತು ಆಡುತ್ತಿರುತ್ತದೆ, ಆ ಮಾತು ನಿಜವೇ ಎನ್ನುವುದೇ ಪ್ರಶ್ನೆ. ಅಕ್ವಿನಾಸ್‌ನ ಇನ್ನೊಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊಳ್ಳುವವನಿಗೆ ತುಂಬ ಲಾಭ, ಮಾರುವವನಿಗೆ ನಷ್ಟವೇನೂ ಇಲ್ಲ ಎಂದಾಗ ಆ ಲಾಭಕ್ಕಾಗಿ ಬೆಲೆ ಏರಿಸಬಾರದು, ಏಕೆಂದರೆ ಅದು ಹುಟ್ಟಿದ್ದು ಕೊಳ್ಳುವವನ ಪರಿಸ್ಥಿತಿಯಿಂದ, ಮಾರುವವನಿಂದಲ್ಲ. ನಾಲ್ಕು ದಿನದಲ್ಲಿ ಮದುವೆ ಇಟ್ಟುಕೊಂಡು ಉಗುರು ಮುರಿದುಕೊಂಡು ಬರುವ ಹುಡುಗಿಯ ಗಾಬರಿ ಅಕ್ಕನ ಸರಕಲ್ಲ. ಅದನ್ನು ಅವಳು ಮಾರುವಂತಿಲ್ಲ.

ಮರುದಿನ ಹೋಗಿ ಕಾರ್ಡ್ ಕಿತ್ತೆ. ಅಕ್ಕನಿಗೆ ಸಿಟ್ಟು ಬಂತು, ಲ್ಯಾಮಿನೇಷನ್ನಿಗೆ ಕೊಟ್ಟ ನಲವತ್ತು ರೂಪಾಯಿಗೆ. ಹೊಸದರಲ್ಲಿ "ಎರಡು ಮೂರು ವಾರ ಇರುತ್ತದೆ" ಎಂದು ಹಾಕಿದೆ. "ಯಾರು ಮಾಡಿಸ್ಕೋತಾರೆ ಹೀಗೆ ಬರೆದ್ರೆ?" ಎಂದಳು. ಬಾಡಿಗೆ ಕಟ್ಟುವವಳು ಅವಳು. ನನ್ನ ಆತ್ಮಸಾಕ್ಷಿಗೆ ಫೆಲೋಶಿಪ್ ಇದೆ. ಆ ವ್ಯತ್ಯಾಸ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ.

ಎರಡು ದಿನದ ನಂತರ, ಹಿಂದಿನ ರಸ್ತೆಯಲ್ಲಿ ನಾಲ್ಕು ಮನೆಗಳ ಪಾತ್ರೆ ತೊಳೆಯುವವರೊಬ್ಬರು ಐಬ್ರೋಸ್‌ಗೆ ಬಂದರು. ಕಾರ್ಡ್ ನೋಡಿ ಕೈ ಮುಂದೆ ಮಾಡಿದರು. ಉಗುರಿನ ತುದಿಗಳು ಪದರ ಪದರವಾಗಿ ಎದ್ದಿದ್ದವು. "ಇದ್ ಮಾಡಿಸಿದ್ರೆ ಸರಿಯಾಯ್ತದಾ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು. "ಸರಿ ಆಗಲ್ಲ ಅಕ್ಕ. ದಿನಾ ನೀರು, ಸೋಪು. ನೆನೆದು ಒಣಗಿ, ನೆನೆದು ಒಣಗಿ ಹಿಂಗಾಗೋದು. ಗ್ಲೌಸ್ ಹಾಕ್ಕೊಳ್ಳಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಇದು ಮೂರು ವಾರ ಅಷ್ಟೆ."

"ಗ್ಲೌಸ್ ಹಾಕಂಡ್ರೆ ಸ್ಟೀಲ್ ಪಾತ್ರೆ ಜಾರ್ತದೆ" ಎಂದರು ಅವರು. "ಮೂರು ವಾರ ಸಾಕು ಬುಡಿ. ಮಗಳ ನಿಶ್ಚಿತಾರ್ಥ ಶುಕ್ರವಾರ. ಬೀಗರ ಮುಂದೆ ತಟ್ಟೆ ಹಿಡೀಬೇಕು."

ಅವರಿಗೆ ಬೇಕಾಗಿರುವುದು ಆರೋಗ್ಯ, ಅದನ್ನು ಇದು ಕೊಡಲಾರದು ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಅವರು ಕೊಳ್ಳಲು ಬಂದದ್ದು ಒಂದು ಶುಕ್ರವಾರವನ್ನು. ಅಕ್ಕನಿಗೆ ಮನಸ್ಸು ಕರಗಿ, "ನೀವು ಮುನ್ನೂರು ಕೊಡಿ" ಎಂದಳು.

ಅವರು ಕಾರ್ಡಿನ ಕಡೆ ನೋಡಿದರು. "ಯಾಕೆ, ನನಗೆ ಕಮ್ಮಿ ಹಚ್ತೀರಾ?"

ಅಕ್ಕ ಏನೂ ಹೇಳದೆ ದೀಪ ಎಳೆದುಕೊಂಡು ಕೂತಳು. ಹಲವು ವರ್ಷ ಬೂದಿ, ಸಬೀನಾ, ಸೋಪು ತಿಂದ ಬೆರಳುಗಳು. ಬುಡದ ಚರ್ಮ ಕಲ್ಲಾಗಿತ್ತು. ಬಿಸಿ ನೀರಿನಲ್ಲಿ ಎರಡು ಸಲ ನೆನೆಸಿ, ಒಂದೊಂದೇ ಬೆರಳನ್ನು ಒರೆಸಿ, ಮೆಲ್ಲಗೆ ಬಿಡಿಸಿದಳು. ಅವರು ಮಗಳ ವರನ ಕೆಲಸ, ಅವನ ತಾಯಿಯ ಬಾಯಿ ಎಲ್ಲವನ್ನೂ ಹೇಳಿ ಮುಗಿಸಿದರು. ಎದ್ದು ನಾಲ್ಕು ನೂರರ ನೋಟು ಎಣಿಸಿ ಕೊಟ್ಟು, ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡು ಇಳಿದು ಹೋದರು. ನನ್ನ ಶೀಟಿನಲ್ಲಿ 45 ನಿಮಿಷ ಎಂದಿತ್ತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಹೇಳಿದರೆ ಅಕ್ಕ ಕತ್ತು ತಿರುಗಿಸಿ ನೆಟಿಗೆ ತೆಗೆಯುತ್ತಾ, "ಎಲ್ಲಾರದ್ದೂ ಒಂದೇ ಥರ ಕೈ ಇರ್ತದೇನೇ?" ಎಂದಳು.