ಕೆಲಸದಲ್ಲಿ ಗಾಯಪಟ್ಟವನಿಗೆ ಸಲ್ಲುವ ಹಣವು ದಾನವೋ ಸಾಲವೋ?

ಕೂಲಿಯವನ ಕೈ ಯಂತ್ರಕ್ಕೆ ಸಿಕ್ಕಿ ತುಂಡಾದರೆ, ಅಥವಾ ಅವನು ಕೆಲಸದಲ್ಲಿಯೇ ಮರಣಹೊಂದಿದರೆ, ಮನೆಯವರು ಧಣಿಯಿಂದ ಪರಿಹಾರ ಕೇಳುವದು ಕ್ರೈಸ್ತರಿಗೆ ಯುಕ್ತವೋ? ಅದು ದೇವರ ಚಿತ್ತಕ್ಕೆ ವಿರೋಧವಾಗಿ ಗುಣುಗುಟ್ಟುವದಲ್ಲವೋ, ಕ್ಷಮಿಸಿರೆಂಬ ಕರ್ತನ ಆಜ್ಞೆಯನ್ನು ಮೀರುವದಲ್ಲವೋ ಎಂದು ನಮ್ಮ ಸಭೆಗಳಲ್ಲಿ ಕೆಲವರು ಸಂದೇಹಪಡುವದುಂಟು. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿಯೂ ಕುಷ್ಟಗಿ ಸೀಮೆಯ ಕಲ್ಲುಗಣಿಗಳಲ್ಲಿಯೂ ಕೊಪ್ಪಳದ ಬಳಿಯ ಕಬ್ಬಿಣದ ಕಾರಖಾನೆಗಳಲ್ಲಿಯೂ ದುಡಿಯುವವರು, ಯಲಬುರ್ಗಾದ ಕಡೆಯಿಂದ ಗುಳೆ ಹೋಗಿ ದೂರದ ಪಟ್ಟಣಗಳಲ್ಲಿ ಕಟ್ಟಡ ಕಟ್ಟುವವರು ನಮ್ಮವರೇ ಆಗಿರಲಾಗಿ, ಈ ಪ್ರಶ್ನೆಯನ್ನು ಹಗುರವಾಗಿ ಬಿಡಲಾಗದು.

ಮೋಶೆಯ ಧರ್ಮಶಾಸ್ತ್ರವನ್ನು ನೋಡೋಣ. ಒಬ್ಬನು ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟಾಗ ನೆರೆಯವನ ಎತ್ತು ಅದರಲ್ಲಿ ಬಿದ್ದು ಸತ್ತರೆ, ಗುಂಡಿಯ ಯಜಮಾನನು ಬೆಲೆ ತೆರಬೇಕೆಂದು ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಉಂಟು. ಅವನು ವೈರದಿಂದ ತೋಡಿದನೋ ಎಂಬ ವಿಚಾರಣೆ ಅಲ್ಲಿಲ್ಲ. ಪೆಟ್ಟು ತಿಂದು ಹಾಸಿಗೆ ಹಿಡಿದವನಿಗೆ ಕೆಲಸದ ನಷ್ಟವನ್ನೂ ವಾಸಿಯಾಗುವ ತನಕದ ವೆಚ್ಚವನ್ನೂ ಕೊಡಬೇಕೆಂದು ಅದೇ ಅಧ್ಯಾಯವು ವಿಧಿಸುತ್ತದೆ. ಎತ್ತಿನ ವಿಷಯದಲ್ಲಿಯೇ ಇಷ್ಟಾದರೆ, ಗಿರಣಿಯ ಪಟ್ಟಿಯ ಬಳಿ ನಿಂತ ಮನುಷ್ಯನ ವಿಷಯದಲ್ಲಿ ಎಷ್ಟು ಹೆಚ್ಚು!

ನಮ್ಮ ದೇಶದ ಕಾನೂನೂ ಇದೇ ದಾರಿ ಹಿಡಿದದೆ. 1923ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಅದು ಹುಟ್ಟಿದಾಗ ನಮ್ಮ ನಾಲ್ಕು ತಾಲೂಕುಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿ, 2025ನೆಯ ನವೆಂಬರ್ 21ರಿಂದ ಜಾರಿಯಲ್ಲದೆ. ಕೆಲಸದ ನಿಮಿತ್ತ ಅಪಘಾತವಾಯಿತೋ ಎಂಬುದೇ ಇದರ ಮುಖ್ಯ ಪ್ರಶ್ನೆ. ಧಣಿಯು ತಪ್ಪು ಮಾಡಿದನೆಂದು ತೋರಿಸಬೇಕಾದದ್ದಿಲ್ಲ. ಆದಕಾರಣ ಪರಿಹಾರ ಕೇಳುವವನು ಯಾರ ಮೇಲೂ ದೂರು ಹೊರಿಸುವದಿಲ್ಲ. ದೂರೇ ಇಲ್ಲದಲ್ಲಿ ಸೇಡು ಎಲ್ಲಿಂದ ಬಂದೀತು? (ಆದರೆ ಕುಡಿದು ಯಂತ್ರದ ಬಳಿ ಹೋಗಿ ಗಾಯಪಟ್ಟವನಿಗೆ, ಮರಣವಾಗಲಿ ಪೂರ್ಣ ಶಾಶ್ವತ ಅಂಗವೈಕಲ್ಯವಾಗಲಿ ಸಂಭವಿಸದಿದ್ದರೆ, ಏನೂ ಸಿಕ್ಕದು. ನಮ್ಮ ಯೌವನಸ್ಥರು ಇದನ್ನು ಕೇಳಲಿ.)

ಮನುಷ್ಯನ ಪ್ರಾಣಕ್ಕೆ ಬೆಲೆ ಕಟ್ಟುವದು ಹೇಗೆಂದು ಕೆಲವರಿಗೆ ಮನಸ್ಸು ನೋಯುತ್ತದೆ. ಅವರ ನೋವು ನ್ಯಾಯವಾದದ್ದೇ. ಮರಣವಾದರೆ ತಿಂಗಳ ಕೂಲಿಯ ಅರ್ಧವನ್ನೂ, ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ನೂರಕ್ಕೆ 60ನ್ನೂ ಪ್ರಾಯಕ್ಕೆ ತಕ್ಕ ಒಂದು ಅಂಕದಿಂದ ಗುಣಿಸುವರು. 40 ವರುಷದವನಿಗೆ ಆ ಅಂಕವು 184.17. ಅವನ ಕೂಲಿ 10,000 ರೂಪಾಯಿಯಾಗಿದ್ದರೆ, ಮರಣಕ್ಕೆ 9,20,850 ರೂಪಾಯಿ. ಪ್ರಾಯ ಕಡಿಮೆಯಾದಷ್ಟು ಅಂಕ ಹೆಚ್ಚು. ಯಾಕಂದರೆ ಎಣಿಸಲ್ಪಡುವದು ಪ್ರಾಣವಲ್ಲ, ಅವನು ಮಕ್ಕಳಿಗೆ ಇನ್ನೂ ತರಬೇಕಾಗಿದ್ದ ರೊಟ್ಟಿ.

ಹೀಗಿರಲು, ಶವಸಂಸ್ಕಾರದ ಮರುದಿನವೇ ಅಲ್ಪ ಹಣವನ್ನು ವಿಧವೆಯ ಕೈಗಿಟ್ಟು, ಇನ್ನೇನೂ ಕೇಳೆನೆಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವದನ್ನು ಉಪಕಾರವೆನ್ನಲಾಗದು. ಹಕ್ಕನ್ನು ಬಿಟ್ಟುಕೊಡುವ ಅಂಥ ಕರಾರು ಕಾನೂನಿನ ಮುಂದೆ ನಿಲ್ಲದು. ಮರಣದ ಪರಿಹಾರವನ್ನು ಸರಕಾರವು ನೇಮಿಸಿದ ಅಧಿಕಾರಿಯ ಬಳಿಯೇ ಇಡತಕ್ಕದ್ದು. ತಾಯಿಯು ಧಣಿಯನ್ನು ಮನಃಪೂರ್ವಕವಾಗಿ ಕ್ಷಮಿಸಲಿ. ನಾವೂ ಹಾಗೆಯೇ ಬೋಧಿಸುತ್ತೇವೆ. ಆದರೆ ತಂದೆಯಿಲ್ಲದ ಮಕ್ಕಳ ಪಾಲನ್ನು ಬಿಟ್ಟುಕೊಡುವ ಅಧಿಕಾರವು ಅವಳಿಗೂ ಇಲ್ಲ, ಸಭೆಯ ಹಿರಿಯರಿಗೂ ಇಲ್ಲ. ಕೂಲಿಯನ್ನಾಗಲಿ ಗಾಯವನ್ನಾಗಲಿ ಹೆಚ್ಚಿಸಿ ಹೇಳುವದು ಮಾತ್ರ ಸುಳ್ಳುಸಾಕ್ಷಿಯೇ.

ಗುಳೆ ಹೋದವರನ್ನು ಕರೆದೊಯ್ದ ಗುತ್ತಿಗೆದಾರನು ಕಣ್ಮರೆಯಾದರೂ, ಯಾರ ಉದ್ಯಮಕ್ಕಾಗಿ ಗುತ್ತಿಗೆಯ ಕೆಲಸ ನಡೆಯಿತೋ ಆ ಮುಖ್ಯ ಧಣಿಯು ಹೊಣೆಯಾಗಿರುವನು. ಇ.ಎಸ್.ಐ. ವಿಮೆಯುಳ್ಳವರು ಆ ಕಚೇರಿಯಲ್ಲಿಯೇ ಕೇಳಬೇಕು. ಇತರರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಕಾರಖಾನೆಯ ಕೆಲಸಗಾರರಿಗೂ ಅಲ್ಲಿ ವಕೀಲರ ಸಹಾಯವು ಹಣವಿಲ್ಲದೆ ದೊರಕುವದು.

ಕಲ್ಲು ಒಡೆಯುವವರ ವಿಷಯವಾಗಿ ಇನ್ನೊಂದು ಮಾತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ನೆಲೆಗೊಂಡು ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಇದನ್ನು ಕಾನೂನು ಗಾಯದಂತೆಯೇ ಎಣಿಸಿ ಪರಿಹಾರ ಕೊಡಿಸುತ್ತದೆ. ಆದರೆ ಕೆಮ್ಮು, ದಮ್ಮು, ಬಡಕಲು ಮೈ ಇವುಗಳನ್ನು ಕಂಡು ಅದನ್ನು ಕ್ಷಯವೆಂದೇ ತಿಳಿಯುವದು ಹೆಚ್ಚು. ಆದದರಿಂದ ವೈದ್ಯರ ಬಳಿಗೆ ಹೋಗುವವನು ತಾನು ಎಷ್ಟು ವರುಷ ಯಾವ ಗಣಿಯಲ್ಲಿ ಕಲ್ಲು ಒಡೆದನೆಂಬದನ್ನು ಮೊದಲೇ ಹೇಳಿ, ಅದನ್ನು ಆಸ್ಪತ್ರೆಯ ಚೀಟಿಯಲ್ಲಿ ಬರೆಯಿಸಿಕೊಳ್ಳಲಿ.