ಬದಲಿಗೆ ಬಂದ ರಬ್ಬರು

ಎಂಜಿನ್ ಮೌಂಟ್ ಸವೆದಿರುವುದು ಕಾರು ನಿಂತಾಗ ಗೊತ್ತಾಗುತ್ತದೆ. ಮುಳಬಾಗಿಲಿನಿಂದ ಕೋಲಾರದ ಕಡೆಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಬರುವಾಗ ಹಳೆಯ ಸಣ್ಣ ಕಾರು ಹೊಸದರ ಹಾಗೆಯೇ ಓಡುತ್ತದೆ. ಊರೊಳಗೆ ಬಂದು ಕ್ಲಾಕ್ ಟವರಿನ ಸಂದಣಿಯಲ್ಲಿ ನಿಂತು ಗೇರು ನ್ಯೂಟ್ರಲ್ಲಿಗೆ ಬಿತ್ತೋ ಇಲ್ಲವೋ, ಸ್ಟಿಯರಿಂಗ್ ಅಂಗೈಯಲ್ಲಿ ಜುಮ್ಮೆನ್ನತೊಡಗುತ್ತದೆ. ಕನ್ನಡಿಯಲ್ಲಿ ಹಿಂದಿನ ಲಾರಿಯ ಮುಖ ಕದಡುತ್ತದೆ. ಡ್ಯಾಶ್‌ಬೋರ್ಡಿನ ಯಾವುದೋ ಮೂಲೆ ಕಟಕಟ ಸದ್ದು ಹಿಡಿಯುತ್ತದೆ. ಗ್ಯಾರೇಜಿನವರು ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆಸಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಡಿಸಿ ನೋಡುತ್ತಾರೆ. ಎಂಜಿನ್ ಒಂದು ಪಕ್ಕಕ್ಕೆ ಎದ್ದು ಧಪ್ಪನೆ ಕೂತರೆ ತೀರ್ಪು ಬಂದಂತೆ: “ಫೌಂಡೇಶನ್ ಹೋಗೈತೆ ಸಾರ್. ಲೋಕಲ್ ಹಾಕ್ಲಾ, ಕಂಪನಿದು ತರಿಸ್ಲಾ?”

ಶ್ರೀನಿವಾಸಪುರದ ಮಾವಿನ ಮಂಡಿಗಳ ಮುಂದೆ, ವಡ್ಡಹಳ್ಳಿಯ ಟೊಮೆಟೊ ಮಾರುಕಟ್ಟೆಯ ಹೊರಗೆ, ಮಾಲೂರಿನ ಹೆಂಚು ಇಟ್ಟಿಗೆ ಕಾರ್ಖಾನೆಗಳ ಗೇಟಿನ ಬಳಿ ನಿಂತ ಎಷ್ಟೋ ಕಾರುಗಳು ಹೀಗೆ ನಡುಗುವುದನ್ನು ನೋಡಿದ್ದೇನೆ. ಅವುಗಳಲ್ಲಿ ಬಹಳಷ್ಟು ಬೆಂಗಳೂರಿನಲ್ಲಿ ಮೊದಲ ಒಡೆಯರ ಬಳಿ ಪ್ರಾಯ ಕಳೆದು ಈ ಸೀಮೆಗೆ ಎರಡನೇ ಬದುಕಿಗೆಂದು ಬಂದವು. ಇಲ್ಲಿ ಅವು ಮೇಷ್ಟರನ್ನು ಶಾಲೆಗೆ, ಬಾಣಂತಿಯನ್ನು ಆಸ್ಪತ್ರೆಗೆ, ಕೆಲವೊಮ್ಮೆ ಟೊಮೆಟೊ ಕ್ರೇಟುಗಳನ್ನು ಮಂಡಿಗೆ ಮುಟ್ಟಿಸುತ್ತವೆ. ಗ್ಯಾರೇಜಿನವರ ಆ ಪ್ರಶ್ನೆ ಅವುಗಳ ಒಡೆಯರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುತ್ತದೆ. ಜೇಬನ್ನು ನೋಡಿ ಉತ್ತರಿಸುವ ಪ್ರಶ್ನೆ ಅದು. ಆದರೂ ಅದರೊಳಗೆ ಬೆಲೆಗಿಂತ ಆಳದ ವಿಚಾರವೊಂದು ಇದೆ ಎಂದು ನನಗೆ ಅನ್ನಿಸುತ್ತಲೇ ಬಂದಿದೆ.

ಮೊದಲು ಆ ನಡುಕ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಿಂದ ಹಿಡಿದು ನಮ್ಮ ಸಣ್ಣ ಕಾರುಗಳಲ್ಲಿ ಹಲವು ಮೂರು ಸಿಲಿಂಡರಿನವು. ಮೂರು ಪಿಸ್ಟನ್ನುಗಳು ಸರದಿಯಲ್ಲಿ ಏರಿಳಿಯುವಾಗ ಮೇಲೆ ಕೆಳಗಿನ ಬಲಗಳು ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಆದರೆ ಈ ತುದಿ ಏಳುವಾಗ ಆ ತುದಿ ಇಳಿಯುವ ತೊನೆದಾಟವೊಂದು ಉಳಿದೇ ಉಳಿಯುತ್ತದೆ. ಅದು ಕೆಟ್ಟ ತಯಾರಿಕೆಯ ಲಕ್ಷಣವಲ್ಲ, ಮೂರರ ಹುಟ್ಟುಗುಣ. ನಿಂತಲ್ಲಿ ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 15 ಸಲ ಈ ತೊನೆದಾಟ, ಇಪ್ಪತ್ತೆರಡು ಇಪ್ಪತ್ಮೂರು ಸಲ ಇಂಧನ ಸಿಡಿದ ಗುದ್ದು. ಇಷ್ಟನ್ನೂ ಮೌಂಟ್ ಎನ್ನುವ ಮೂರೋ ನಾಲ್ಕೋ ರಬ್ಬರಿನ ತುಂಡುಗಳು ತಮ್ಮ ಮೈಯಲ್ಲೇ ತಡೆದುಕೊಳ್ಳುತ್ತವೆ. ಒಂದು ಮಗ್ಗುಲಿನ ಕಬ್ಬಿಣ ಎಂಜಿನ್ನಿಗೆ ಸೇರಿದ್ದು, ಇನ್ನೊಂದು ಮಗ್ಗುಲಿನದು ನಾವು ಕೂತ ಗೂಡಿಗೆ. ನಡುವಿನ ರಬ್ಬರು ಹಿಗ್ಗಿ, ಕುಗ್ಗಿ, ಒರಸಿಕೊಂಡು ಗುದ್ದಿನ ಒಂದು ಪಾಲನ್ನು ಶಾಖವಾಗಿ ಮಾರ್ಪಡಿಸುತ್ತದೆ. ಆ ಶಾಖದಿಂದ, ಎಂಜಿನ್ನಿನ ಬಿಸಿಯಿಂದ, ಸೋರುವ ಆಯಿಲ್‌ನಿಂದ, ಗಾಳಿಯಲ್ಲಿನ ಓಝೋನಿನಿಂದ ಅದೇ ನಿಧಾನವಾಗಿ ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಜಗ್ಗುತ್ತದೆ.

ಎಂಜಿನ್ನನ್ನು ಚಾಸಿಗೆ ನೇರ ಬೋಲ್ಟು ಹಾಕಿ ಬಿಗಿಯುತ್ತಿದ್ದ ಕಾಲವೂ ಇತ್ತು. 1931ರಲ್ಲಿ ಕ್ರೈಸ್ಲರ್ ಸಂಸ್ಥೆ ತನ್ನ ಪ್ಲಿಮತ್ ಕಾರಿನಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ತೂಗಾಡುವಂತೆ ಕೂರಿಸಿ, ಅದಕ್ಕೆ ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟು ಮಾರಿತು. ಅಲ್ಲಾಡದಂತೆ ಹಿಡಿಯುವುದೇ ಭದ್ರತೆ ಎಂಬ ತಿಳಿವಳಿಕೆಯನ್ನು ಬಿಟ್ಟು, ಅಲ್ಲಾಡಲು ಅಳತೆಯ ಜಾಗ ಕೊಟ್ಟರೆ ಎಲ್ಲರೂ ನೆಮ್ಮದಿಯಿಂದ ಕೂರಬಹುದು ಎಂಬಲ್ಲಿಗೆ ಎಂಜಿನಿಯರುಗಳು ಬಂದಿದ್ದರು.

ಈ ಅಳತೆಯಲ್ಲಿಯೇ ಎಲ್ಲವೂ ಇರುವುದು. ಹೊರಗಿನಿಂದ ತಂದ ಹೊಚ್ಚಹೊಸ ಮೌಂಟ್ ಹಾಕಿಸಿದ ಮೇಲೆ ಕಾರು ಮೊದಲಿಗಿಂತ ಹೆಚ್ಚು ನಡುಗಿತು ಎಂಬ ದೂರು ಈ ಊರುಗಳ ಗ್ಯಾರೇಜುಗಳಿಗೆ ಹೊಸದಲ್ಲ. ಹಾಕಿಸಿದವರಿಗೆ ಮೋಸವಾಯಿತು ಅನ್ನಿಸುತ್ತದೆ. ಅದರ ಕಾರಣ ತಿಳಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ. ರಬ್ಬರಿನ ಮೇಲೆ ಕೂತ ಪ್ರತಿಯೊಂದು ಭಾರಕ್ಕೂ ಒಂದು ಸಹಜ ತೂಗಾಟದ ವೇಗ ಇರುತ್ತದೆ. ಹೊರಗಿನ ನಡುಕದ ವೇಗ ಅದರ ಸುಮಾರು 1.4 ಪಟ್ಟನ್ನು ದಾಟಿದ ಮೇಲಷ್ಟೇ ರಬ್ಬರು ನಡುಕವನ್ನು ತಡೆಯುತ್ತದೆ. ಅದಕ್ಕಿಂತ ಕೆಳಗೆ ಅದೇ ರಬ್ಬರು ನಡುಕವನ್ನು ಹೆಚ್ಚಿಸಿ ದಾಟಿಸುತ್ತದೆ. ರಬ್ಬರು ಗಡಸಾದಷ್ಟೂ ಆ ಸಹಜ ವೇಗ ಮೇಲೇರುತ್ತದೆ, ಗಡಸು ಎರಡರಷ್ಟಾದರೆ 1.4 ಪಟ್ಟು. ಎಂಜಿನ್ ಜೋರಾಗಿ ತಿರುಗುವಾಗ ಇದರಿಂದ ತೊಂದರೆ ತೋರದು. ನಿಂತಲ್ಲಿ, ನಿಧಾನದ ಸುತ್ತಿನಲ್ಲಿ, ಆ ಗಡಿ ಹತ್ತಿರವೇ ಇರುತ್ತದೆ. ಅಲ್ಲಿ ಬದಲಿಗೆ ಬಂದ ಮೌಂಟಿನ ಗಡಸು ಸ್ವಲ್ಪ ಹೆಚ್ಚಾದರೂ ತಡೆಯಬೇಕಾದದ್ದೇ ದಾಟಿಸುವುದಕ್ಕೆ ತೊಡಗುತ್ತದೆ. ಓಡುವಾಗ ಸುಮ್ಮನಿದ್ದ ಕಾರು ನಿಂತಾಗ ಮಾತಾಡುವುದು ಇದಕ್ಕೇ.

ಗಡಸು ಮೌಂಟ್ ಬಾಳಿಕೆ ಬರುತ್ತದೆ ಎಂಬುದೂ ನಿಜ. ಅದು ಬೇಗ ಹರಿಯದು, ಜಗ್ಗದು. ವರ್ಷಗಳ ನಂತರ ಬಿಚ್ಚಿದರೆ ಹಾಕಿದ ದಿನದ ಹಾಗೆಯೇ ಕಂಡೀತು. ಆದರೆ ಆ ವರ್ಷಗಳಲ್ಲಿ ನಡುಗಿದ್ದು ಯಾರು? ಬಾಗಿಲಿನ ಕೀಲುಗಳು, ಸೈಲೆನ್ಸರಿನ ಕೊಂಡಿಗಳು, ವೈರುಗಳ ಜೋಡಣೆ, ಹಿಂದಿನ ಸೀಟಿನಲ್ಲಿ ಕೂತ ಮುದುಕಿಯ ಬೆನ್ನು. ತಾನು ಸವೆಯದೆ ಉಳಿದ ತುಂಡು ತನ್ನ ಪಾಲಿನ ಸವೆತವನ್ನು ಬೇರೆಯವರಿಗೆ ಹಂಚಿರುತ್ತದೆ. ಬಾಳಿಕೆ ಎಂಬುದನ್ನು ಒಂದು ಬಿಡಿಭಾಗದ ಗುಣವೆಂದು ಅಳೆಯುವ ನಮ್ಮ ರೂಢಿ ನನಗೆ ಅಂದಿನಿಂದ ಅನುಮಾನ ತರಿಸುತ್ತದೆ. ಹೆಚ್ಚು ಕಾಲ ಬಾಳುವುದು ಯಾವುದು ಎಂದು ಕೇಳಿದರೆ ಸಾಲದು. ಅದು ಯಾರ ಖರ್ಚಿನಲ್ಲಿ ಬಾಳುತ್ತದೆ ಎಂದೂ ಕೇಳಬೇಕು.

ಹೀಗೆಂದು ಹೊರಗಿನ ಬಿಡಿಭಾಗಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತಯಾರಕರು ಬಿಡಿಭಾಗಗಳನ್ನು ತಮ್ಮ ಅಧಿಕೃತ ಸರಪಳಿಯಿಂದ ಹೊರಗೆ ಬಿಡದೆ ಹಿಡಿದಿಟ್ಟ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಅದು ನ್ಯಾಯಾಲಯಗಳಲ್ಲಿ ಪ್ರಶ್ನೆಗೆ ಒಳಗಾಯಿತು, ನಿಜ. ಆದರೂ ತಾಲೂಕು ಕೇಂದ್ರದ ಒಂಟಿ ಗ್ಯಾರೇಜಿಗೂ ಬಿಡಿಭಾಗ ಸಿಗಬೇಕು, ಒಡೆಯನಿಗೆ ಆಯ್ಕೆ ಇರಬೇಕು ಎಂಬ ನ್ಯಾಯ ಅದರಲ್ಲಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದ ಬಸ್ಸಿನಲ್ಲಿ ಬರುವ ಪೊಟ್ಟಣಗಳಿಲ್ಲದೆ ಈ ಸೀಮೆಯ ಅರ್ಧ ಕಾರುಗಳು ಶೆಡ್ಡಿನಲ್ಲೇ ಕೂರುತ್ತಿದ್ದವು. ಅಗ್ಗದ ವಸ್ತು ತನ್ನಷ್ಟಕ್ಕೆ ಅಪ್ರಾಮಾಣಿಕ ಅಲ್ಲ.

ಕಷ್ಟ ಇರುವುದು ನಕಲಿನ ಸ್ವಭಾವದಲ್ಲಿ. ಒಂದು ಮೌಂಟನ್ನು ನೋಡಿ ಇನ್ನೊಂದನ್ನು ಮಾಡುವವನಿಗೆ ಬೋಲ್ಟಿನ ತೂತುಗಳ ಅಂತರ ಸಿಗುತ್ತದೆ, ಬ್ರಾಕೆಟ್ಟಿನ ಬಾಗು ಸಿಗುತ್ತದೆ. ರಬ್ಬರಿನೊಳಗೆ ಎಷ್ಟು ಗಂಧಕ, ಎಷ್ಟು ಕಾರ್ಬನ್ ಬ್ಲ್ಯಾಕ್, ಎಷ್ಟು ಹೊತ್ತು ಬೇಯಿಸಿದ್ದು, ಕಬ್ಬಿಣಕ್ಕೆ ಅದನ್ನು ಹೇಗೆ ಅಂಟಿಸಿದ್ದು ಎಂಬುದು ಕಣ್ಣಿಗೆ ಕಾಣುವುದಿಲ್ಲ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವುದನ್ನು ಕಂಡುಕೊಂಡ ಮೇಲೆ ಈ ಪಾಕವೇ ಆ ವಸ್ತುವಿನ ಬಾಳು. ಮೂಲದ ಮೌಂಟನ್ನು ರೂಪಿಸಿದವರು ಆ ಎಂಜಿನ್ನು, ಆ ಗೂಡು, ಆ ಐಡಲ್ ವೇಗ ಎಲ್ಲವನ್ನೂ ಎದುರಿಗಿಟ್ಟುಕೊಂಡು ಮೆದುವನ್ನು ನಿರ್ಧರಿಸಿದ್ದರು. ನಕಲು ಮಾಡಿದವನಿಗೆ ಆಕಾರ ದಕ್ಕಿತು, ಅದರ ಕಾರಣ ದಕ್ಕಲಿಲ್ಲ. ಒಳ್ಳೆಯ ಹೊರಗಿನ ತಯಾರಕರು ಕಾರಣವನ್ನೂ ಹುಡುಕುತ್ತಾರೆ, ಅಳೆದು ಪರೀಕ್ಷಿಸುತ್ತಾರೆ. ಅಂಥವರ ವಸ್ತು ಮೂಲದ ಪಕ್ಕದಲ್ಲಿ ತಲೆಯೆತ್ತಿ ನಿಲ್ಲುತ್ತದೆ. ಅಂಗಡಿಯ ಗಾಜಿನ ಮೇಲೆ ಎರಡನ್ನೂ ಇಟ್ಟರೆ ವ್ಯತ್ಯಾಸ ತಿಳಿಯದು. ಅನುಭವಿಗಳು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡುತ್ತಾರೆ. ಎಂಜಿನ್ನಿನ ಭಾರದ ಎದುರು ಬೆರಳಿನ ಒತ್ತು ಎಷ್ಟರದು? ಆದರೂ ಅವರ ಕೈಯಲ್ಲಿರುವ ಅಳತೆಗೋಲು ಅದೊಂದೇ.

ಕೂರಿಸುವ ಕೆಲಸದಲ್ಲಿ ಮಾತ್ರ ಒಳ್ಳೆಯ ಮೆಕ್ಯಾನಿಕ್ಕಿಗೆ ಪೂರ್ತಿ ಸ್ವಾತಂತ್ರ್ಯ ಇದೆ, ನನಗೆ ಅದನ್ನು ನೋಡುತ್ತ ನಿಲ್ಲುವುದು ಇಷ್ಟ. ಆತುರದವನು ಒಂದೊಂದೇ ಬೋಲ್ಟನ್ನು ಹಾಕಿದಂತೆ ಬಿಗಿಯುತ್ತ ಹೋಗುತ್ತಾನೆ. ಆಗ ಎಂಜಿನ್ ಎಲ್ಲಿ ಜ್ಯಾಕಿನ ಮೇಲಿತ್ತೋ ಅಲ್ಲಿಗೇ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ, ಒಳ್ಳೆಯ ಮೌಂಟ್ ಕೂಡ ಮೊದಲ ದಿನದಿಂದಲೇ ಎಳೆತಕ್ಕೆ ಸಿಕ್ಕಿಬಿಡುತ್ತದೆ. ತಿಳಿದವನು ಎಲ್ಲ ಬೋಲ್ಟುಗಳನ್ನೂ ಕೈಬಿಗಿಯಲ್ಲಿ ನಿಲ್ಲಿಸುತ್ತಾನೆ. ಜ್ಯಾಕ್ ಇಳಿಸಿ ಎಂಜಿನ್ನಿನ ಪೂರ್ತಿ ಭಾರವನ್ನು ರಬ್ಬರಿಗೆ ಒಪ್ಪಿಸುತ್ತಾನೆ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ತಿರುಗಲು ಬಿಡುತ್ತಾನೆ. ಎಂಜಿನ್ ತೊನೆದು ತೊನೆದು ತನ್ನ ಜಾಗವನ್ನು ತಾನೇ ಕಂಡುಕೊಂಡ ಮೇಲೆ, ಆಫ್ ಮಾಡಿ, ಕೊನೆಯ ಬಿಗಿ ಕೊಡುತ್ತಾನೆ. ಒಂದೇ ಮೌಂಟ್ ಬದಲಿಸಿ ಎಂದರೆ ಅವನು ಬೇಡವೆಂದು ತಲೆಯಾಡಿಸುವುದಕ್ಕೂ ಕಾರಣ ಇದೆ. ಒಂದು ಸೋತ ಕಾಲವೆಲ್ಲ ಉಳಿದವು ಅದರ ಭಾರವನ್ನೂ ಹೊತ್ತು ತಗ್ಗಿರುತ್ತವೆ. ಅವುಗಳ ನಡುವೆ ಒಂದು ಹೊಸದು ಎತ್ತರದಲ್ಲಿ ನಿಂತರೆ ಎಂಜಿನ್ ಓರೆಯಾಗುತ್ತದೆ. ಇನ್ನೂ ಒಂದು ವಿವೇಕ ಅವನಲ್ಲಿದೆ: ನಡುಕ ಕಂಡ ಕೂಡಲೇ ಮೌಂಟಿನ ಮೇಲೆ ತಪ್ಪು ಹೊರಿಸುವುದಿಲ್ಲ. ಪ್ಲಗ್ಗು ನೋಡುತ್ತಾನೆ, ಥ್ರಾಟಲ್ ಬಾಡಿಯ ಮಸಿ ನೋಡುತ್ತಾನೆ. ಸಿಡಿಯದ ಸಿಲಿಂಡರಿನ ತಪ್ಪಿಗೆ ರಬ್ಬರನ್ನು ಬದಲಿಸಿದರೆ ಕಾಯಿಲೆ ಅಲ್ಲೇ ಉಳಿಯುತ್ತದೆ.

ಗುದ್ದನ್ನು ತನ್ನಲ್ಲೇ ಇಳಿಸಿಕೊಳ್ಳುವ ಈ ರಬ್ಬರಿನ ಕೆಲಸವನ್ನು ನೋಡುವಾಗ ಮಾಲೂರು ತಾಲೂಕಿನಲ್ಲಿ ಹುಟ್ಟಿದ ಕಾದಂಬರಿಕಾರ ಮಾಸ್ತಿಯವರು ನೆನಪಾಗುತ್ತಾರೆ. ಅವರಿಗೆ ‘ಚಿಕವೀರ ರಾಜೇಂದ್ರ’ಕ್ಕಾಗಿ ಬಂದ ಜ್ಞಾನಪೀಠ 1983ರದು. ಕೊಡಗಿನ ಕೊನೆಯ ಅರಸನ ಕ್ರೌರ್ಯ, ಕೊಲೆ, ರಾಜ್ಯದ ಪತನ ಎಲ್ಲವೂ ಆ ಪುಸ್ತಕದಲ್ಲಿವೆ. ಹೇಳುವ ದನಿ ಮಾತ್ರ ಎಲ್ಲಿಯೂ ಚೀರುವುದಿಲ್ಲ. ಘಟನೆಯ ಗುದ್ದನ್ನು ಬರೆಯುವವರು ತಮ್ಮಲ್ಲಿ ಇಳಿಸಿಕೊಂಡು, ಓದುವವರಿಗೆ ಯೋಚಿಸಲು ಬೇಕಾದಷ್ಟನ್ನೇ ದಾಟಿಸಿದ್ದಾರೆ. ಮಾಸ್ತಿಯವರ ಸಮಾಧಾನವನ್ನು ಮೆದುತನವೆಂದು ಕಡೆಗಣಿಸುವವರ ಮಾತನ್ನು ನಾನು ಒಪ್ಪಲಾರೆ. ಅಷ್ಟು ಹಿಂಸೆಯನ್ನು ಹಾಗೆ ಹೊರಲು ಬಹಳ ಬಲ ಬೇಕು.

ಇದೇ ಕೋಲಾರ ಜಿಲ್ಲೆಯಲ್ಲಿ ಹೊರುವ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡಿದ್ದು ಕೆರೆಗಳು. ವರ್ಷವಿಡೀ ಹರಿಯುವ ನದಿ ಇಲ್ಲದ ಈ ನೆಲದಲ್ಲಿ ಹಿರಿಯರು ಎರಡು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದರು. ಕಟ್ಟೆ ನೀರನ್ನು ಹಿಡಿಯುತ್ತಿತ್ತು, ಹಾಗೆಯೇ ಅಳೆದು ಬಿಡುತ್ತಲೂ ಇತ್ತು. ಹೆಚ್ಚಾದದ್ದು ಕೋಡಿಯಲ್ಲಿ ಮುಂದಿನ ಕೆರೆಗೆ, ಗದ್ದೆಗೆ ಬೇಕಾದದ್ದು ನೀರುಗಂಟಿ ಎತ್ತಿದ ತೂಬಿನಲ್ಲಿ, ಉಳಿದದ್ದು ಮೆಲ್ಲಗೆ ನೆಲಕ್ಕಿಳಿದು ಬಾವಿಗಳಿಗೆ. ಕೋಡಿ ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಕಟ್ಟೆ ಒಡೆಯುತ್ತಿತ್ತು. ಆ ಕೆರೆಗಳು ಹೂಳು ತುಂಬಿ ಸೋತವು. ಕೊಳವೆ ಬಾವಿಗಳು ಸಾವಿರ ಅಡಿ ದಾಟಿದವು, ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು.

ಆಗ ಬದಲಿ ನೀರು ಬಂತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ತಡೆಯಿತು, ಮುಂದೆ ಮತ್ತೆ ಹರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ಹಕ್ಕಿಗಳು ಬಂದಿಳಿದವು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಏರಿತು. ಆ ಸಂತೋಷ ಸುಳ್ಳಲ್ಲ. ನೀರಿಲ್ಲದೆ ಊರು ಬಿಟ್ಟವರ ಮಕ್ಕಳಿಗೆ ಕೆರೆ ತುಂಬಿದ್ದನ್ನು ನೋಡುವುದು ಎಂದರೆ ಏನು ಎಂದು ಹೊರಗಿನವರಿಗೆ ತಿಳಿಯದು. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಇಲ್ಲಿನ ರೈತರು, ಹೋರಾಟಗಾರರು ಪಟ್ಟು ಹಿಡಿದಿರುವುದೂ ಅಷ್ಟೇ ನ್ಯಾಯ. ಕೆರೆಯ ಆಕಾರಕ್ಕೆ ನೀರು ಸರಿಯಾಗಿ ಕೂತಿದೆ. ಆದರೆ ಕೆರೆ ನೀರನ್ನು ಹಿಡಿದಿಟ್ಟು ಸುಮ್ಮನಿರುವ ತೊಟ್ಟಿಯಲ್ಲ, ತನ್ನೊಳಗಿನದನ್ನು ನೆಲಕ್ಕೆ ಬಿಡುತ್ತಲೇ ಇರುತ್ತದೆ. ಮಳೆನೀರಿನ ಬದಲು ಬಂದ ಈ ನೀರಿನಲ್ಲಿ ಕರಗಿರುವುದು ಏನೇ ಇದ್ದರೂ ಅದು ಬಾವಿಯ ದಾರಿಯಲ್ಲಿದೆ.

ಗತಿಯಿಲ್ಲದವರು ಬದಲಿಯನ್ನು ಒಪ್ಪಿಕೊಳ್ಳುತ್ತಾರೆ ಎಂಬ ಕಾರಣಕ್ಕೆ ಅವರಿಗೆ ಏನು ಕೊಡುತ್ತಿದ್ದೇವೆ ಎಂದು ಹೇಳದೆ ಇರುವುದು ನನಗೆ ಸಹಿಸಲಾಗದ ಸಂಗತಿ. ಬಿಡಿಭಾಗದ ಡಬ್ಬದ ಮೇಲೆ ಬೆಲೆ ಇರುತ್ತದೆ. ಅದರ ಪಕ್ಕದಲ್ಲೇ ರಬ್ಬರಿನ ಗಡಸುತನದ ಅಂಕಿಯನ್ನೂ, ರಬ್ಬರು ಎರಕವಾದ ವರ್ಷವನ್ನೂ, ಯಾವ ಎಂಜಿನ್ನಿನ ಮೇಲೆ ಕೂರಿಸಿ ಪರೀಕ್ಷಿಸಿದ್ದು ಎಂಬುದನ್ನೂ ಕನ್ನಡದಲ್ಲಿ ಅಚ್ಚು ಹಾಕಲು ಒಂದು ಬೆರಳಗಲ ಜಾಗ ಸಾಕು. ಕೆ.ಸಿ. ವ್ಯಾಲಿಯ ನೀರು ಸೇರುವ ಪ್ರತಿ ಕೆರೆಯ ಏರಿಯ ಮೇಲೂ, ತೂಬಿನ ಹತ್ತಿರ, ಆ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶ ದನ ತೊಳೆಯಲು ಬಂದವರೂ ಓದುವಷ್ಟು ದಪ್ಪ ಅಕ್ಷರದಲ್ಲಿ ಇರಬೇಕು. ಮೌಂಟ್ ಮಾಡುವವರನ್ನೂ ನೀರು ಬಿಡುವವರನ್ನೂ ಇದನ್ನು ಕೇಳುವ ಹಕ್ಕು ಈ ಸೀಮೆಯವರಿಗೆ ಇದೆ, ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲೇ ಕೆರೆಯ ಫಲಕದ ಮಾತನ್ನು ಎತ್ತಬಹುದು.