ಹಾಡಿನ ಇಂಪೂ ಹಾಡಿದವನ ಮಾತೂ

ಕೂಲಿಯಾಳೊಬ್ಬನು ಬಾಕಿ ಉಳಿದ ತನ್ನ ಕೂಲಿಯನ್ನು ಬೇಡುವದಕ್ಕೆ ಯಜಮಾನನ ಬಾಗಲಲ್ಲಿ ನಿಂತು ಹಾಡಿದನೆಂದು ಎಣಿಸಿರಿ. ಯಜಮಾನನು ಜಗಲಿಗೆ ಬಂದು, ಆಹಾ, ಎಂಥಾ ಕಂಠ! ಎಂದು ತಲೆದೂಗಿ ಒಳಗೆ ಹೋದರೆ, ಅವನು ಆ ಹಾಡನ್ನು ಕೇಳಿದನೆಂದು ಹೇಳಬಹುದೋ? ಇದಕ್ಕೆ ಸಮಾನವಾದ ಸಂಗತಿಯು ಆಸ್ಟ್ರೇಲಿಯ ದೇಶದಲ್ಲಿ ನಿಜವಾಗಿಯೇ ನಡೆಯಿತು.

ಆ ದೇಶದ ಉತ್ತರದಲ್ಲಿರುವ ಆರ್ನ್‌ಹೆಮ್ ಸೀಮೆಯ ಈಶಾನ್ಯ ಭಾಗದ ಮೂಲನಿವಾಸಿಗಳಿಗೆ ಯೊಲ್ಂಗು ಎಂದು ಹೆಸರು. 1935ರಲ್ಲಿ ಮೆಥೊಡಿಸ್ಟ್ ಮಿಶನಿನವರು ಅವರ ನಡುವೆ ಯಿರ್ಕಲ ಎಂಬಲ್ಲಿ ನೆಲೆ ಮಾಡಿದರು. ಅಲ್ಯುಮಿನಿಯಮ್ಮಿನ ಅದಿರನ್ನು ಅಗೆಯುವದಕ್ಕಾಗಿ ಸರಕಾರವು ಇವರನ್ನು ವಿಚಾರಿಸದೆ ಇವರ ಭೂಮಿಯನ್ನು ಬಿಟ್ಟುಕೊಟ್ಟಾಗ, 1963ರಲ್ಲಿ ಇವರು ಪಾರ್ಲಿಮೆಂಟಿಗೆ ಅರ್ಜಿ ಕಳುಹಿಸಿದರು. ಆ ಅರ್ಜಿಯನ್ನು ಗುಮಜ್ ಎಂಬ ತಮ್ಮ ನುಡಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು, ಮರದ ತೊಗಟೆಗೆ ಅಂಟಿಸಿ, ಸುತ್ತಲೂ ತಮ್ಮ ಕುಲಗಳ ಚಿತ್ರಗಳನ್ನು ಬರೆದಿದ್ದರು. ಗಣಿಯ ಕೆಲಸವಂತೂ ನಿಲ್ಲಲಿಲ್ಲ. 1971ರಲ್ಲಿ ನ್ಯಾಯಸ್ಥಾನವೂ ಅವರ ಹಕ್ಕನ್ನು ಒಪ್ಪಲಿಲ್ಲ.

ಅದೇ ಕುಲದವರಾದ ಯುನುಪಿಂಗು ಎಂಬವರು ಯಿರ್ಕಲದ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು 1990ರಲ್ಲಿ ಅದರ ಮುಖ್ಯೋಪಾಧ್ಯಾಯರಾದರು. ಇವರು 1986ರಲ್ಲಿ ಬಿಳಿಯರನ್ನೂ ಕೂಡಿಸಿಕೊಂಡು ಯೊತು ಯಿಂಡಿ ಎಂಬ ರಾಕ್ ಮೇಳವನ್ನು ಕಟ್ಟಿದರು. ಆ ಹೆಸರಿಗೆ ಮಗುವೂ ತಾಯಿಯೂ ಎಂದು ಅರ್ಥ. ಗಿಟಾರು ಡ್ರಮ್ಮುಗಳ ಜೊತೆಯಲ್ಲಿ ಯಿಡಕಿ ಎಂಬ ಉದ್ದವಾದ ಮರದ ಕೊಳವೆಯನ್ನು ಊದಿ, ಬಿಲ್ಮ ಎಂಬ ಕೋಲುಗಳನ್ನು ತಾಳಕ್ಕೆ ಬಡಿಯುತ್ತಿದ್ದರು.

1988ರಲ್ಲಿ ಪ್ರಧಾನಮಂತ್ರಿಗಳಾದ ಬಾಬ್ ಹಾಕ್ ಅವರು ಬರುಂಗ ಎಂಬಲ್ಲಿ, ಮೂಲನಿವಾಸಿಗಳ ಸಂಗಡ ಒಪ್ಪಂದ ಮಾಡುವೆವೆಂದು ಮಾತುಕೊಟ್ಟರು. ಮಾತು ನಡೆಯಲಿಲ್ಲ. ಆಗ ಈ ಮೇಳದವರು ಕೆಲವರು ಬಿಳಿಯ ಗೆಳೆಯರ ಸಹಾಯದಿಂದ 'ಟ್ರೀಟಿ', ಅಂದರೆ ಒಪ್ಪಂದ, ಎಂಬ ಹಾಡನ್ನು ಕಟ್ಟಿ 1991ರಲ್ಲಿ ಪ್ರಕಟಿಸಿದರು. ತಪ್ಪಿದ ಮಾತಿನ ಸಂಗತಿಯು ಇಂಗ್ಲಿಷಿನಲ್ಲಿತ್ತು, ಉಳಿದದ್ದು ಗುಮಜಿನಲ್ಲಿತ್ತು. ಮೊದಲು ಅದನ್ನು ಕೊಂಡವರು ಸ್ವಲ್ಪವೇ. ತರುವಾಯ ಮೆಲ್ಬೊರ್ನ್ ಪಟ್ಟಣದ ಕೆಲವರು ಇಂಗ್ಲಿಷ್ ಮಾತುಗಳ ಬಹುಭಾಗವನ್ನು ತೆಗೆದು, ಗುಮಜನ್ನು ಉಳಿಸಿ, ಕುಣಿತಕ್ಕೆ ತಕ್ಕಂತೆ ಅದನ್ನು ತಿದ್ದಿದರು. ಆಗ ದೇಶವೆಲ್ಲಾ ಕುಣಿಯಿತು!

ಇದರಲ್ಲಿ ತಪ್ಪೇನೆಂದು ಕೆಲವರು ಕೇಳಾರು. ಬಹುಕಾಲ ಹೀನವೆನಿಸಿದ ನುಡಿಯನ್ನು ಜನರು ಸಂತೋಷದಿಂದ ಆಲಿಸಿದರಲ್ಲಾ? ಹೌದು, ಅದು ಸಣ್ಣ ಸಂಗತಿಯಲ್ಲ. ಆ ದೇಶದ ಎಷ್ಟೋ ಮಿಶನ್ ಶಾಲೆಗಳಲ್ಲಿ ಮಕ್ಕಳಿಗೆ ತಾಯಿಯ ನುಡಿಯನ್ನು ಆಡಗೊಡುತ್ತಿರಲಿಲ್ಲ ಎಂಬದನ್ನು ನಮ್ಮಂಥಾ ಉಪದೇಶಿಗಳು ನಾಚಿಕೆಯಿಂದಲೇ ಒಪ್ಪಬೇಕು. ಆದರೂ ನನ್ನ ಮನಸ್ಸು ಇಲ್ಲಿ ಸಮಾಧಾನ ಹೊಂದುವದಿಲ್ಲ. ಯಾಕಂದರೆ ತಿಳಿಯದ ನುಡಿಯು ನಮ್ಮನ್ನು ಏನೂ ಕೇಳುವದಿಲ್ಲ. ಅದನ್ನು ಹೊಗಳುವದಕ್ಕೆ ನಮಗೆ ಕಾಸೂ ಖರ್ಚಿಲ್ಲ. ತಿಳಿಯುವ ಮಾತಾದರೋ ಉತ್ತರ ಬೇಡುತ್ತದೆ.

ಹಾಗಾದರೆ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಹಾಡಬೇಕಾಗಿತ್ತೋ? ಅದೂ ಅಲ್ಲ. ಗುಮಜಿನ ಮಾತು ತಮ್ಮವರಿಗೆ ಸೇರಿದ್ದು; ಅದರ ಅರ್ಥವನ್ನು ಪರರಿಗೆ ಬಿಡಿಸಿ ಹೇಳುವ ಸಾಲವೇನೂ ಅವರ ಮೇಲಿಲ್ಲ. ಇಂಗ್ಲಿಷಿನ ಮಾತಾದರೋ ವಚನ ಕೊಟ್ಟವರಿಗೆ ಅವರ ನುಡಿಯಲ್ಲಿಯೇ ಹೇಳಿದ್ದು. ತಮಗೆ ತಿಳಿಯಲಿಲ್ಲವೆಂದು ಅವರು ಹೇಳುವ ಹಾಗಿಲ್ಲ. ಕೇಳುವವನು ಗುಮಜನ್ನು ಕಲಿತರೆ ಒಳ್ಳೇದೇ. ಕಲಿಯದವನ ಮೇಲೆಯೂ ಇಷ್ಟು ಹೊಣೆಯುಂಟು: ತನಗಾಗಿಯೇ ಹೇಳಿದ್ದನ್ನು ಹಾಡಿನೊಳಗಿಂದ ಕತ್ತರಿಸಿ ಹಾಕಬಾರದು.

ಯುನುಪಿಂಗುರವರು 2013ರಲ್ಲಿ ತೀರಿಕೊಂಡರು. ಸತ್ತವರ ಹೆಸರನ್ನು ಉಚ್ಚರಿಸಬಾರದೆಂಬ ಮರ್ಯಾದೆ ಅವರ ಕುಲದಲ್ಲಿ ಇರುವದರಿಂದ ಇಲ್ಲಿ ಮನೆತನದ ಹೆಸರನ್ನು ಮಾತ್ರ ಬರೆದಿದ್ದೇನೆ. ರಾಷ್ಟ್ರದ ಸರಕಾರದೊಡನೆ ಆ ಒಪ್ಪಂದವು ಇದುವರೆಗೂ ಆಗಲಿಲ್ಲ. 1963ರ ತೊಗಟೆಯ ಅರ್ಜಿಗಳನ್ನು ಕಾನ್‌ಬೆರ ಪಟ್ಟಣದ ಪಾರ್ಲಿಮೆಂಟ್ ಮಂದಿರದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ನೋಡುವದಕ್ಕೆ ಬಂದವರು ಅಂಚಿನ ಚಿತ್ರಗಳನ್ನು ನೋಡಬಹುದು; ನಡುವೆ ಇಂಗ್ಲಿಷೂ ಉಂಟು.